ಐರ್ಲೆಂಡಿನ ಸಹಕಾರಿ ಧುರೀಣ ಸರ್ ಹೊರೇಸ್ ಪ್ಲಂಕೆಟ್



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಿತ್ರರು ಒತ್ತಾಯ ಮಾಡಿದರು. ಸಂಘ ಬೆಳೆದು ಬಂದ ದಾರಿ, ಹಾಲು ಶೇಖರಣೆ, ಲಾಭ ಹಂಚಿಕೆ ಇವುಗಳ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆಯುತ್ತಾರೆ. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿ ಬೇಸಾಯಕ್ಕೆ ನಿಂತವರು. ಲೆಕ್ಕಪತ್ರದ ವಿಷಯ ತಿಳಿದವರಿಗೆ ಬಿಟ್ಟು, ಹಳ್ಳಿ ಡೇರಿ ಅನ್ನೋದನ್ನ ತನ್ನ ದೇಶದಲ್ಲಿ ನೆಲೆ ನಿಲ್ಲಿಸೋಕೆ ನಲವತ್ತು ವರ್ಷ ದುಡಿದ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ಸದಸ್ಯರ ಮುಂದೆ ಇಡುತ್ತೇವೆ.

ಸಹಕಾರ ಅಂದ ಕೂಡಲೇ ನಮಗೆ ಜ್ಞಾಪಕ ಬರೋದು ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಹಾಲು ಅಂದರೆ ಗುಜರಾತಿನ ಆಣಂದ್‌ನಲ್ಲಿ ದುಡಿದ ವರ್ಗೀಸ್ ಕುರಿಯನ್ ಅವರು. ಇವರ ಹೆಸರು ಎಲ್ಲ ಸಹಕಾರಿಗಳಿಗೂ ಗೊತ್ತು. ಇವರಿಗಿಂತ ಮುಂಚೆ, ಸಮುದ್ರದಾಚೆಯ ಐರ್ಲೆಂಡ್ ಎಂಬ ಸಣ್ಣ ದೇಶದಲ್ಲಿ ಕೋಟೆಯಲ್ಲಿ ಬೆಳೆದ ಜಮೀನ್ದಾರರ ಮಗನೊಬ್ಬ ರೈತರ ಮನೆ ಬಾಗಿಲಿಗೆ ಹೋಗಿ ಡೇರಿ ಕಟ್ಟಿ ಅಂತ ಕೈಮುಗಿದು ಕೇಳಿದ ವಿಷಯ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಅವರೇ ಸರ್ ಹೊರೇಸ್ ಪ್ಲಂಕೆಟ್.

ಡನ್ಸೇನಿ ಕೋಟೆ ಮತ್ತು ಪ್ಲಂಕೆಟ್ ಮನೆತನ

ಐರ್ಲೆಂಡಿನ ರಾಜಧಾನಿ ಡಬ್ಲಿನ್. ಅಲ್ಲಿಂದ ವಾಯವ್ಯಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್ ಹೋದರೆ ಮೀತ್ ಎಂಬ ಜಿಲ್ಲೆ ಸಿಗುತ್ತೆ. ಹಸಿರು ಹುಲ್ಲುಗಾವಲಿನ, ದನಕರುಗಳಿಗೆ ಹೇಳಿ ಮಾಡಿಸಿದಂಥ ಸೀಮೆ. ಪುರಾತನ ರಾಜರ ಪಟ್ಟಾಭಿಷೇಕ ನಡೆಯುತ್ತಿತ್ತೆಂದು ಹೇಳುವ ತಾರಾ ಗುಡ್ಡ ಇರೋದೂ ಅಲ್ಲೇ. ಆ ಗುಡ್ಡಕ್ಕೆ ಹತ್ತಿರದಲ್ಲಿ ಡನ್ಸೇನಿ ಕೋಟೆ ಇದೆ.

ಇಂಗ್ಲೆಂಡಿನ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ ಸರದಾರ ಹ್ಯೂ ಡಿ ಲೇಸಿ ಎಂಬುವವನ ಕಾಲದಲ್ಲಿ, ಅಂದರೆ 1180ರ ಸುಮಾರಿನಲ್ಲಿ ಈ ಕೋಟೆಯ ಕೆಲಸ ಶುರುವಾಯಿತು. ಪಕ್ಕದಲ್ಲೇ ಕಿಲ್ಲೀನ್ ಎಂಬ ಇನ್ನೊಂದು ಕೋಟೆಯೂ ಎದ್ದಿತು. ಮೊದಲು ಇವೆರಡೂ ಕ್ಯೂಸಾಕ್ ಎಂಬ ಮನೆತನದ ಕೈಯಲ್ಲಿದ್ದವು. 15ನೇ ಶತಮಾನದ ಆರಂಭದಲ್ಲಿ ಆ ಮನೆಯ ಮಗಳನ್ನು ಸರ್ ಕ್ರಿಸ್ಟೋಫರ್ ಪ್ಲಂಕೆಟ್ ಮದುವೆಯಾದರು. ಹೆಣ್ಣಿನ ಕಡೆಯಿಂದ ಆಸ್ತಿ ಪ್ಲಂಕೆಟ್ ವಂಶಕ್ಕೆ ಬಂತು. ಮುಂದೆ ಭಾಗ ಆದಾಗ ಕಿಲ್ಲೀನ್ ಹಿರಿಯ ಮಗನಿಗೆ, ಡನ್ಸೇನಿ ಕಿರಿಯವನಿಗೆ.

ಭಾಗದ ಜಗಳ ನಮ್ಮೂರಲ್ಲಿ ಮಾತ್ರ ಅಂತ ತಿಳೀಬೇಡಿ. ಎರಡು ಕೋಟೆಗಳ ನಡುವೆ ಗಡಿ ಎಲ್ಲಿ ಅಂತ ತಕರಾರು ಬಂದಾಗ, ಅಣ್ಣ ತಮ್ಮಂದಿರ ಹೆಂಡಿರು ತಮ್ಮ ತಮ್ಮ ಕೋಟೆಯಿಂದ ಎದುರುಬದುರಾಗಿ ಓಡಬೇಕು, ಎಲ್ಲಿ ಸಂಧಿಸುತ್ತಾರೋ ಅದೇ ಗಡಿ ಅಂತ ತೀರ್ಮಾನವಾಯಿತೆಂದು ಆ ಕಡೆ ಒಂದು ಕಥೆ ಹೇಳುತ್ತಾರೆ. ಕಿಲ್ಲೀನ್ ದಿಣ್ಣೆ ಮೇಲಿದ್ದಿದ್ದರಿಂದ ಆ ಹೆಣ್ಣುಮಗಳಿಗೆ ಇಳಿಜಾರು ಸಿಕ್ಕಿ ಜಾಸ್ತಿ ಜಮೀನು ಹಿರಿಯನ ಪಾಲಾಯಿತಂತೆ. ಕಥೆ ನಿಜವೋ ಸುಳ್ಳೋ, ಎರಡು ಮನೆಗಳೂ ನೆರೆಹೊರೆಯಾಗಿ ನೂರಾರು ವರ್ಷ ಬಾಳಿದ್ದು ನಿಜ.

ಐರ್ಲೆಂಡಿನಲ್ಲಿ ಬಹುಪಾಲು ಜನ ಕ್ಯಾಥೋಲಿಕ್ ಪಂಗಡದ ಕ್ರೈಸ್ತರು. ಆಳುತ್ತಿದ್ದ ಇಂಗ್ಲೆಂಡಿನವರು ಪ್ರಾಟೆಸ್ಟೆಂಟ್ ಪಂಗಡ. 18ನೇ ಶತಮಾನದಲ್ಲಿ ಕ್ಯಾಥೋಲಿಕರು ಜಮೀನು ಉಳಿಸಿಕೊಳ್ಳುವುದೇ ಕಷ್ಟವಾಗುವಂಥ ಕಾನೂನುಗಳು ಇದ್ದವು. ಆಗ ಡನ್ಸೇನಿಯವರು ಸರ್ಕಾರದ ಪಂಗಡಕ್ಕೆ ಸೇರಿದರು, ಕಿಲ್ಲೀನಿನವರು ಹಳೇ ಪಂಗಡದಲ್ಲೇ ಉಳಿದರು. ಹಾಗಿದ್ದೂ ಡನ್ಸೇನಿಯವರು ದಾಯಾದಿಗಳ ಜಮೀನನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ಕಾಪಾಡಿ ವಾಪಸ್ ಕೊಟ್ಟರೆಂದು ಹೇಳುತ್ತಾರೆ. ಪಂಗಡ ಬೇರೆ, ನಂಬಿಕೆ ಬೇರೆ ಅನ್ನೋ ಮಾತು ಆ ಮನೆತನದಲ್ಲಿ ಹಿಂದಿನಿಂದ ಬಂದಿತ್ತು ಅಂತ ಇದರಿಂದ ತಿಳಿಯುತ್ತೆ.

ಜನನ, ಓದು ಮತ್ತು ಅಮೆರಿಕದ ದನಗಾವಲು

ಹೊರೇಸ್ ಪ್ಲಂಕೆಟ್ ಹುಟ್ಟಿದ್ದು 1854ನೇ ಇಸವಿ ಅಕ್ಟೋಬರ್ 24ರಂದು, ಇಂಗ್ಲೆಂಡಿನಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಎಡ್ವರ್ಡ್ ಪ್ಲಂಕೆಟ್ ಅವರು ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು, ಡನ್ಸೇನಿಯ 16ನೇ ಪ್ರಭು. ಹೊರೇಸ್ ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಬೆಳೆದಿದ್ದು ಡನ್ಸೇನಿ ಕೋಟೆಯಲ್ಲಿ. ಓದಿದ್ದು ಶ್ರೀಮಂತರ ಮಕ್ಕಳು ಓದುವ ಈಟನ್ ಶಾಲೆ, ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. ಓದು ಮುಗಿಸಿ ಬಂದು 1878ರಲ್ಲೇ ಡನ್ಸೇನಿಯಲ್ಲಿ ಒಂದು ಸಣ್ಣ ಸಹಕಾರಿ ಅಂಗಡಿ ಶುರು ಮಾಡಿದರು. ಆಗ ಅವರಿಗೆ ಇಪ್ಪತ್ನಾಲ್ಕರ ಆಸುಪಾಸಿನ ವಯಸ್ಸು.

ಆದರೆ ಎದೆ ಗಟ್ಟಿ ಇರಲಿಲ್ಲ. ಶ್ವಾಸಕೋಶದ ತೊಂದರೆ. ಒಣ ಹವೆ ಇರೋ ಕಡೆ ಹೋಗಿ ಅಂತ ಸಲಹೆ ಬಂತು. 1879ರಲ್ಲಿ ಅಮೆರಿಕದ ವ್ಯೋಮಿಂಗ್ ಸೀಮೆಗೆ ಹೋಗಿ ಹತ್ತು ವರ್ಷ ದನ ಸಾಕಿದರು. ಕುದುರೆ ಮೇಲೆ ಕೂತು ಸಾವಿರಾರು ದನ ಕಾಯೋ ಕೆಲಸ. ಲಾಭವೂ ಬಂತು, ನಷ್ಟವೂ ಆಯಿತು. 1886-87ರ ಚಳಿಗಾಲದಲ್ಲಿ ಆ ಸೀಮೆಯಲ್ಲಿ ಹಿಮ ಬಿದ್ದು ಮೇವಿಲ್ಲದೆ ಲಕ್ಷಾಂತರ ದನ ಸತ್ತವು. ದನ ಸಾಕುವವನ ಕಷ್ಟ ಏನು ಅಂತ ಪ್ಲಂಕೆಟ್ ಕಲಿತಿದ್ದು ಅಲ್ಲಿ. 1889ರಲ್ಲಿ ತಂದೆ ಕಾಲವಾದರು. ಪ್ರಭು ಪದವಿ ಅಣ್ಣನಿಗೆ ಹೋಯಿತು. ಮೂವತ್ನಾಲ್ಕು ವರ್ಷದ ಹೊರೇಸ್ ಊರಿಗೆ ಬಂದು ನಿಂತರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ.

ಐರ್ಲೆಂಡಿನ ರೈತನ ಪಾಡು

ಆ ಕಾಲದ ಐರ್ಲೆಂಡಿನ ಸ್ಥಿತಿ ಸ್ವಲ್ಪ ಹೇಳಬೇಕು. 1845ರಿಂದ ನಾಲ್ಕೈದು ವರ್ಷ ಆಲೂಗೆಡ್ಡೆಗೆ ರೋಗ ಬಿದ್ದು ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಉಳಿದವರು ಬಹುಪಾಲು ಗೇಣಿದಾರರು. 1879ರಿಂದ ಗೇಣಿ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಕ್ರಮೇಣ ಕಾನೂನುಗಳು ಬಂದವು. 1903ರ ಕಾನೂನಿನಲ್ಲಂತೂ ಸರ್ಕಾರವೇ ಸಾಲ ಕೊಟ್ಟು, ಗೇಣಿದಾರರು ಧಣಿಗಳಿಂದ ಜಮೀನು ಕೊಂಡುಕೊಳ್ಳುವ ಹಾಗೆ ಮಾಡಿತು. ನಮ್ಮಲ್ಲಿ 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಆದ ಹಾಗೆ, ಅಲ್ಲೂ ಉಳುವವರ ಕೈಗೆ ಭೂಮಿ ಬಂತು.

ಭೂಮಿ ಬಂದರೆ ಸಾಕಾ? ಪ್ಲಂಕೆಟ್ ಅವರ ಇಡೀ ಜೀವನ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ ಅನ್ನಬಹುದು. ಜಮೀನು ರೈತನದಾಯಿತು, ಆದರೆ ಬೀಜ, ಗೊಬ್ಬರ, ಸಾಲ ಎಲ್ಲಕ್ಕೂ ಊರಿನ ಸಾಹುಕಾರನ ಅಂಗಡಿಯೇ ಗತಿ. ಅವನು ಹೇಳಿದ ರೇಟು, ಅವನು ಬರೆದ ಲೆಕ್ಕ. ಕಲಬೆರಕೆ ಗೊಬ್ಬರ ಕೊಟ್ಟರೂ ಕೇಳೋ ಹಾಗಿಲ್ಲ, ಯಾಕೆಂದರೆ ಹಳೇ ಬಾಕಿ ಇದೆ. ಬೆಣ್ಣೆ ಮಾರೋಕೆ ಹೋದರೆ ದಲ್ಲಾಳಿ ಹೇಳಿದ್ದೇ ಬೆಲೆ.

ಬೆಣ್ಣೆ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಪೇಟೆಯಲ್ಲಿ ಐರ್ಲೆಂಡಿನ ಬೆಣ್ಣೆಗೆ ಹಿಂದಿನಿಂದ ಹೆಸರಿತ್ತು. ಆದರೆ ಅದು ಮನೆಮನೆಯಲ್ಲಿ ಹೆಂಗಸರು ಕಡೆದ ಬೆಣ್ಣೆ. ಒಂದು ಮನೆಯದು ಉಪ್ಪು, ಒಂದು ಮನೆಯದು ಹುಳಿ, ಬಣ್ಣ ಒಂದೊಂದು ಥರ. ಮೇಲಾಗಿ ಹುಲ್ಲಿರುವ ಬೇಸಿಗೆ ತಿಂಗಳಲ್ಲಿ ಮಾತ್ರ ಯಥೇಚ್ಛ, ಚಳಿಗಾಲದಲ್ಲಿ ಇಲ್ಲ. ಅದೇ ಹೊತ್ತಿಗೆ ಡೆನ್ಮಾರ್ಕಿನ ರೈತರು 1882ರಿಂದ ಸಹಕಾರಿ ಡೇರಿ ಕಟ್ಟಿ, ಆಗ ತಾನೇ ಬಂದಿದ್ದ ಕೆನೆ ತೆಗೆಯುವ ಯಂತ್ರ ಇಟ್ಟು, ವರ್ಷ ಪೂರ್ತಿ ಒಂದೇ ರುಚಿ ಒಂದೇ ಬಣ್ಣದ ಬೆಣ್ಣೆ ಕಳಿಸೋಕೆ ಶುರು ಮಾಡಿದರು. ಇಂಗ್ಲೆಂಡಿನ ಗಿರಾಕಿ ಆ ಕಡೆ ತಿರುಗಿದ. ಹಸುವಿನ ಹಾಲಿನಲ್ಲಿ ಒಂದು ಕೆ.ಜಿ. ಬೆಣ್ಣೆ ತೆಗೆಯಬೇಕಾದರೆ ಇಪ್ಪತ್ತು ಲೀಟರಿಗೂ ಮೇಲೆ ಬೇಕು ಅನ್ನೋದು ನಮ್ಮ ಸದಸ್ಯರಿಗೆ ಗೊತ್ತು. ಎರಡು ಮೂರು ಹಸು ಕಟ್ಟಿದವನು ಒಬ್ಬನೇ ಆ ಯಂತ್ರ ಕೊಳ್ಳೋದು ಕನಸಿನ ಮಾತು. ಹತ್ತಾರು ಮನೆಯವರು ಸೇರಿದರೆ ಮಾತ್ರ ಸಾಧ್ಯ. ಯಂತ್ರಕ್ಕೆ ಹಣ ಹಾಕಿದ ವ್ಯಾಪಾರಿಗಳೂ ಇದ್ದರು. ಅವರು ಡೇರಿ ಕಟ್ಟಿದರೆ ಲಾಭ ಅವರಿಗೆ, ಹಾಲು ಮಾತ್ರ ರೈತನದು. ಅದಕ್ಕೇ ಡೇರಿ ರೈತರದೇ ಆಗಬೇಕು ಅಂತ ಪ್ಲಂಕೆಟ್ ಹೊರಟರು.

ಐವತ್ತು ಸಭೆ ಆದ ಮೇಲೆ ಒಂದು ಸಂಘ

ಹೇಳೋದು ಸುಲಭ. ಪ್ಲಂಕೆಟ್ ಒಳ್ಳೆ ಭಾಷಣಕಾರರಲ್ಲ, ಮಾತು ತಡವರಿಸುತ್ತಿತ್ತು. ಆರೋಗ್ಯ ಅಷ್ಟಕ್ಕಷ್ಟೆ. ಪಂಗಡ ಬೇರೆ, ಪಕ್ಷ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ ಜಮೀನ್ದಾರರ ಮಗ. ನೂರಾರು ವರ್ಷ ಗೇಣಿ ವಸೂಲಿ ಮಾಡಿದ ಕೋಟೆಯವನು ಈಗ ನಮ್ಮ ಹಿತಕ್ಕೆ ಬಂದಿದ್ದೇನೆ ಅಂದರೆ ಯಾರು ನಂಬುತ್ತಾರೆ? ಇದರಲ್ಲಿ ಏನೋ ಮಸಲತ್ತಿದೆ ಅಂತ ರೈತರು ಅನುಮಾನ ಪಟ್ಟಿದ್ದು ತಪ್ಪಲ್ಲ. ಅಂಗಡಿ ಸಾಹುಕಾರರು, ಬೆಣ್ಣೆ ವ್ಯಾಪಾರಿಗಳು, ಕೆಲವು ಪತ್ರಿಕೆಯವರು ಎದುರು ಬಿದ್ದರು. ಒಂದು ಸಂಘವೂ ಹುಟ್ಟುವ ಮೊದಲು ತಾವು ಐವತ್ತು ಸಭೆಗಳಿಗೆ ಹೋಗಿದ್ದಾಗಿ ಪ್ಲಂಕೆಟ್ ಅವರೇ ಮುಂದೆ ಬರೆದಿದ್ದಾರೆ. ನಾವಾದರೆ ಐದನೇ ಸಭೆಗೇ ಕೈ ತೊಳೆದುಕೊಳ್ಳುತ್ತಿದ್ದೆವು.

ಕೊನೆಗೆ 1889ರಲ್ಲಿ ಲಿಮರಿಕ್ ಜಿಲ್ಲೆಯ ಡ್ರಮ್‌ಕಾಲಹರ್ ಎಂಬ ಹಳ್ಳಿಯಲ್ಲಿ ಐರ್ಲೆಂಡಿನ ಮೊದಲನೇ ಸಹಕಾರಿ ಡೇರಿ ಆರಂಭವಾಯಿತು. ರೈತರೇ ಷೇರು ಹಾಕಿದರು, ರೈತರೇ ಆಡಳಿತ ಮಂಡಳಿ ಆರಿಸಿದರು. ಬೆಳಿಗ್ಗೆ ಗಾಡಿಯಲ್ಲಿ ಹಾಲು ತರೋದು, ಡೇರಿಯಲ್ಲಿ ಕೆನೆ ತೆಗೆಯೋದು, ಕೆನೆ ತೆಗೆದ ಹಾಲನ್ನು ಕರುಗಳಿಗೆ ಹಂದಿಗಳಿಗೆ ಅಂತ ಅದೇ ಗಾಡಿಯಲ್ಲಿ ವಾಪಸ್ ಒಯ್ಯೋದು. ಸರಿಯಾಗಿ ಬಟವಾಡೆ ಆಯಿತು ಅಂತ ಗೊತ್ತಾದ ಮೇಲೆ ಸುತ್ತಮುತ್ತಲ ಹಳ್ಳಿಯವರು ಬಂದು ನೋಡಿಕೊಂಡು ಹೋದರು.

ಪ್ಲಂಕೆಟ್ ಅವರಿಗೆ ಬಲಗೈಯಾಗಿ ನಿಂತವರು ಆರ್.ಎ. ಆಂಡರ್ಸನ್ ಎಂಬುವವರು. ಹಳ್ಳಿ ಹಳ್ಳಿ ಅಲೆದು ಸಭೆ ಕೂಡಿಸಿದ್ದು ಅವರೇ. ಇನ್ನೊಬ್ಬರು ಫಾದರ್ ಟಾಮ್ ಫಿನ್ಲೆ ಎಂಬ ಕ್ಯಾಥೋಲಿಕ್ ಪಾದ್ರಿಗಳು, ಅರ್ಥಶಾಸ್ತ್ರ ಬಲ್ಲವರು, ಒಳ್ಳೆ ಮಾತುಗಾರರು. ಪ್ರಾಟೆಸ್ಟೆಂಟ್ ಜಮೀನ್ದಾರರ ಮಗ, ಕ್ಯಾಥೋಲಿಕ್ ಪಾದ್ರಿ ಒಂದೇ ವೇದಿಕೆ ಮೇಲೆ ಕೂತಿದ್ದೇ ಆ ಕಾಲಕ್ಕೆ ದೊಡ್ಡ ಮಾತು.

ಬೆಣ್ಣೆಗೂ ಪಕ್ಷ

ಐರ್ಲೆಂಡಿನಲ್ಲಿ ಆಗ ಎರಡು ಬಣ. ಇಂಗ್ಲೆಂಡಿನ ಜೊತೆಯಲ್ಲೇ ಇರೋಣ ಎನ್ನುವ ಒಗ್ಗಟ್ಟಿನವರು ಒಂದು ಕಡೆ, ಸ್ವಂತ ಆಡಳಿತ ಬೇಕು ಎನ್ನುವ ರಾಷ್ಟ್ರವಾದಿಗಳು ಇನ್ನೊಂದು ಕಡೆ. ರಾತ್‌ಕೀಲ್ ಎಂಬ ಊರಿನಲ್ಲಿ ಡೇರಿ ಆಗೇ ಹೋಯಿತು ಅನ್ನುವಷ್ಟರಲ್ಲಿ ಒಬ್ಬ ವಕೀಲರು ಎದ್ದು ನಿಂತು, ಈ ಸಂಘದಲ್ಲಿ ಪಕ್ಷಭೇದ ಇಲ್ಲವೇ ಅಂತ ಆಂಡರ್ಸನ್ ಅವರನ್ನು ಕೇಳಿದರು. ಇಲ್ಲ ಎಂದರು ಆಂಡರ್ಸನ್. ಹಾಗಾದರೆ ಇದು ನಮ್ಮೂರಿಗೆ ಒಗ್ಗೋದಿಲ್ಲ, ನಮ್ಮದು ರಾಷ್ಟ್ರವಾದಿಗಳ ಊರು, ಇಲ್ಲಿ ಬೆಣ್ಣೆ ತೆಗೆದರೆ ಪಕ್ಷದ ತತ್ವದ ಪ್ರಕಾರವೇ ತೆಗೀಬೇಕು, ಇಲ್ಲದಿದ್ದರೆ ಬೆಣ್ಣೆಯೇ ಬೇಡ ಅನ್ನೋ ಅರ್ಥದಲ್ಲಿ ವಕೀಲರು ಮಾತಾಡಿದರು. ಜನ ಜೋರಾಗಿ ಚಪ್ಪಾಳೆ ಹೊಡೆದರು. ಸಭೆ ಅಲ್ಲಿಗೆ ಮುಗಿಯಿತು.

ಓದಿದರೆ ನಗು ಬರುತ್ತೆ. ಆದರೆ ನಗೋ ಮುಂಚೆ ನಮ್ಮ ಸುತ್ತಮುತ್ತ ಒಂದು ಸಾರಿ ನೋಡಬೇಕು. ಪಂಚಾಯ್ತಿ ಚುನಾವಣೆ ಆದ ಮಾರನೇ ದಿನ ಆ ಬಣದವರು ಈ ಡೇರಿಗೆ ಹಾಲು ಹಾಕೋದು ನಿಲ್ಲಿಸಿದ ಊರುಗಳು ಇಲ್ಲವೇ? ಹಸು ಯಾವ ಪಕ್ಷಕ್ಕೆ ಓಟು ಹಾಕಿದೆ ಅಂತ ಹಾಲಿನಲ್ಲಿ ಬರೆದಿರೋಲ್ಲ. ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ಅದು ತೋರಿಸೋದು ಡಿಗ್ರಿ ಮಾತ್ರ.

ಸಂಘಗಳ ಬೆಳವಣಿಗೆ

1894ರ ಏಪ್ರಿಲ್ 18ರಂದು ಡಬ್ಲಿನ್‌ನಲ್ಲಿ ಐರಿಷ್ ಕೃಷಿ ಸಂಘಟನಾ ಸಂಸ್ಥೆ ಸ್ಥಾಪನೆಯಾಯಿತು. ಪ್ಲಂಕೆಟ್ ಅಧ್ಯಕ್ಷರು, ಫಾದರ್ ಫಿನ್ಲೆ ಉಪಾಧ್ಯಕ್ಷರು, ಆಂಡರ್ಸನ್ ಕಾರ್ಯದರ್ಶಿ. ಈ ಸಂಸ್ಥೆ ತಾನೇ ವ್ಯಾಪಾರ ಮಾಡುವುದಿಲ್ಲ. ಸಂಘ ಕಟ್ಟೋದು ಹೇಗೆ, ಬೈಲಾ ಬರೆಯೋದು ಹೇಗೆ, ಲೆಕ್ಕ ಇಡೋದು ಹೇಗೆ ಅಂತ ಹೇಳಿಕೊಡೋದು ಅದರ ಕೆಲಸ. ಮಾರನೇ ವರ್ಷ ರೈತರಿಗಾಗಿ ಐರಿಷ್ ಹೋಮ್‌ಸ್ಟೆಡ್ ಎಂಬ ವಾರಪತ್ರಿಕೆ ಬಂತು.

1895ರಲ್ಲಿ ಕಾರ್ಕ್ ಜಿಲ್ಲೆಯ ಡೊನರೇಲ್ ಎಂಬಲ್ಲಿ ಮೊದಲ ಕೃಷಿ ಸಾಲದ ಸಂಘ ಆಯಿತು. ಜರ್ಮನಿಯ ರೈಫೈಸನ್ ಎಂಬ ಮಹನೀಯರು ಹಾಕಿಕೊಟ್ಟ ಮಾದರಿ ಅದು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು, ಎಲ್ಲರೂ ಸೇರಿ ಸಾಲಕ್ಕೆ ಜವಾಬ್ದಾರರು. ಸಾಲ ಕೊಡೋದು ದುಡಿಮೆಗೆ, ಮದುವೆ ಮುಂಜಿಗೆ ಅಲ್ಲ. ನಮ್ಮ ದೇಶದ 1904ರ ಸಹಕಾರ ಕಾಯ್ದೆಗೂ, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಆದ ಸಂಘಕ್ಕೂ ಮೂಲ ಅದೇ ರೈಫೈಸನ್ ಮಾದರಿ. ಹಾಗಾಗಿ ಡೊನರೇಲ್ ಮತ್ತು ಕಣಗಿನಹಾಳ ಒಂದೇ ಬಳ್ಳಿಯ ಎರಡು ಕಾಯಿ ಅನ್ನಬಹುದು.

ಈ ಸಾಲದ ಸಂಘಗಳನ್ನು ಕಟ್ಟೋಕೆ 1897ರಲ್ಲಿ ಒಬ್ಬ ವಿಚಿತ್ರ ನೌಕರರು ಸೇರಿದರು. ಅವರೇ ಜಾರ್ಜ್ ರಸೆಲ್. ಎ.ಇ. ಅನ್ನೋ ಹೆಸರಿನಲ್ಲಿ ಪದ್ಯ ಬರೆಯುವ ದೊಡ್ಡ ಕವಿ, ಚಿತ್ರಕಾರರು ಬೇರೆ. ಅಲ್ಲಿಯವರೆಗೆ ಡಬ್ಲಿನ್‌ನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕವಿಗೂ ಸಾಲದ ಸೊಸೈಟಿಗೂ ಏನು ಸಂಬಂಧ ಅಂತ ಕೇಳಬಹುದು. ಆದರೆ ಅವರು ಸೈಕಲ್ ಹತ್ತಿ ಪಶ್ಚಿಮದ ಬಡ ಹಳ್ಳಿಗಳನ್ನೆಲ್ಲ ಸುತ್ತಿ ಸಂಘ ಕಟ್ಟಿದರು. 1905ರಿಂದ 1923ರವರೆಗೆ ಆ ವಾರಪತ್ರಿಕೆಯ ಸಂಪಾದಕರೂ ಅವರೇ. ಅವರು 1916ರಲ್ಲಿ ಬರೆದ ದಿ ನ್ಯಾಷನಲ್ ಬೀಯಿಂಗ್ ಪುಸ್ತಕ ನಮ್ಮ ರವೀಂದ್ರನಾಥ ಟಾಗೋರರ ಕೈಗೆ ಸಿಕ್ಕಿ, ಸಹಕಾರದ ಜೀವನ ಹೇಗಿರಬಹುದು ಅನ್ನೋದು ಅದರಿಂದ ತಮಗೆ ಸ್ಪಷ್ಟವಾಯಿತೆಂದು ಟಾಗೋರರು ಬರೆದಿದ್ದಾರೆ.

1897ರಲ್ಲಿಯೇ ಬೀಜ, ಗೊಬ್ಬರ, ಉಪಕರಣ ಸಗಟಾಗಿ ಕೊಳ್ಳೋಕೆ ಸಂಘಗಳದೇ ಒಂದು ಒಕ್ಕೂಟ ಆಯಿತು. 1910ರಲ್ಲಿ ಹಳ್ಳಿ ಹೆಣ್ಣುಮಕ್ಕಳಿಗಾಗಿ ಒಂದು ಸಂಸ್ಥೆ ಹುಟ್ಟಿತು. ಅದಕ್ಕೆ 1912ರಿಂದ ಬಹುಕಾಲ ಅಧ್ಯಕ್ಷರಾಗಿದ್ದವರು ಪಕ್ಕದ ಕಿಲ್ಲೀನ್ ಕೋಟೆಯ ಸೊಸೆ, ಫಿಂಗಾಲ್ ಪ್ರಭುಗಳ ಪತ್ನಿ. ಭಾಗದ ಗಡಿಗೆ ಓಡಿದ ಕೋಟೆಗಳು ಈಗ ಒಂದೇ ಕೆಲಸಕ್ಕೆ ಕೂಡಿದವು. 1914ರ ಹೊತ್ತಿಗೆ ಡೇರಿ, ಸಾಲದ ಸಂಘ, ಬೀಜ ಗೊಬ್ಬರದ ಸಂಘ ಎಲ್ಲ ಸೇರಿ ಸಾವಿರದ ಆಸುಪಾಸಿಗೆ ಮುಟ್ಟಿದವು.

ಪ್ಲಂಕೆಟ್ ಅವರು ಮೂರು ಸಂಗತಿಗಳನ್ನು ಯಾವಾಗಲೂ ಒಟ್ಟಿಗೆ ಹೇಳುತ್ತಿದ್ದರು. ಬೇಸಾಯ ಸುಧಾರಿಸಬೇಕು, ವ್ಯಾಪಾರ ಸುಧಾರಿಸಬೇಕು, ಬಾಳುವೆ ಸುಧಾರಿಸಬೇಕು. ಬೇಸಾಯ ಹೇಳಿಕೊಡೋಕೆ ಸರ್ಕಾರ ಬೇಕು, ವ್ಯಾಪಾರ ರೈತರು ತಾವೇ ಕೂಡಿ ಮಾಡಬೇಕು, ಇವೆರಡೂ ಆದರೆ ಹಳ್ಳಿ ಬಾಳುವೆ ತಾನಾಗಿ ಮೇಲಕ್ಕೆ ಬರುತ್ತೆ ಅನ್ನೋದು ಅವರ ನಂಬಿಕೆ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೂ 1908ರಲ್ಲಿ ಹಳ್ಳಿಗಾಡಿನ ಬಗ್ಗೆ ಆಯೋಗ ಮಾಡಿದಾಗ ಪ್ಲಂಕೆಟ್ ಅವರ ವಿಚಾರಗಳನ್ನು ಬಳಸಿಕೊಂಡರು.

ಎರಡು ಕಡೆಯಿಂದಲೂ ಪೆಟ್ಟು

ಸರ್ಕಾರದಲ್ಲಿ ಕೃಷಿಗೆ ಒಂದು ಇಲಾಖೆ ಬೇಕು ಅಂತ ಪ್ಲಂಕೆಟ್ 1895ರಲ್ಲಿ ಎಲ್ಲ ಪಕ್ಷದವರನ್ನೂ ಒಂದು ಸಮಿತಿಗೆ ಕರೆದರು. ಎರಡೂ ಬಣದ ಕೆಲವು ದೊಡ್ಡ ನಾಯಕರು ಬರೋದಿಲ್ಲ ಅಂದರು. ಬಂದವರನ್ನೇ ಕಟ್ಟಿಕೊಂಡು ವರದಿ ಮಾಡಿದರು. 1899ರಲ್ಲಿ ಕೃಷಿ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಗೆ ಕಾನೂನು ಬಂತು. ಅದರ ಹೊಣೆ ಪ್ಲಂಕೆಟ್ ಅವರಿಗೇ ಸಿಕ್ಕಿತು.

ಅವರು 1892ರಿಂದ ದಕ್ಷಿಣ ಡಬ್ಲಿನ್ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರಾಗಿದ್ದವರು, ಇಂಗ್ಲೆಂಡಿನ ಜೊತೆ ಇರೋಣ ಅನ್ನುವ ಪಕ್ಷದಿಂದ. ಇಲಾಖೆಯ ಕಾರ್ಯದರ್ಶಿ ಹುದ್ದೆಗೆ ಯೋಗ್ಯರು ಅಂತ ಟಿ.ಪಿ. ಗಿಲ್ ಎಂಬುವವರನ್ನು ಹಾಕಿದರು. ಗಿಲ್ ಅವರು ಹಿಂದೆ ಎದುರು ಪಕ್ಷದ ಪಾರ್ಲಿಮೆಂಟ್ ಸದಸ್ಯರು. ಅಷ್ಟಕ್ಕೇ ಸ್ವಂತ ಪಕ್ಷದವರು ಮುನಿದು 1900ರ ಚುನಾವಣೆಯಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ಓಟು ಒಡೆದರು, ಪ್ಲಂಕೆಟ್ ಸೋತರು.

1904ರಲ್ಲಿ ಅವರು ಐರ್ಲೆಂಡಿನ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಕ್ಯಾಥೋಲಿಕ್ ಧರ್ಮಪೀಠದ ಪ್ರಭಾವದಿಂದ ಜನರ ಸ್ವಂತ ಉದ್ಯಮಶೀಲತೆ ಕುಗ್ಗಿದೆ ಎನ್ನುವ ಅರ್ಥದ ಮಾತು ಇತ್ತು. ಇದು ಬಹಳ ಜನರ ಮನಸ್ಸು ನೋಯಿಸಿತು. ಹಳ್ಳಿಹಳ್ಳಿಯಲ್ಲಿ ಅವರ ಪರ ನಿಂತಿದ್ದ ಪಾದ್ರಿಗಳಿಗೂ ಮುಜುಗರ. ಸಂಘ ಕಟ್ಟುವವರು ಮತದ ವಿಷಯ ಆಡಬಾರದು ಅಂತ ತಾವೇ ಬೇರೆಯವರಿಗೆ ಹೇಳುತ್ತಿದ್ದವರು ಇಲ್ಲಿ ಎಡವಿದರು ಎಂದೇ ನಮ್ಮ ಭಾವನೆ. ದೊಡ್ಡವರ ಚರಿತ್ರೆ ಬರೆಯುವಾಗ ಇದನ್ನೂ ಹೇಳಬೇಕಾಗುತ್ತೆ. 1907ರಲ್ಲಿ ರಾಷ್ಟ್ರವಾದಿ ಪಕ್ಷದವರು ಒತ್ತಾಯ ತಂದು ಅವರನ್ನು ಇಲಾಖೆಯಿಂದ ಇಳಿಸಿದರು. ನಂತರ ಬಂದವರು ಸಹಕಾರ ಸಂಸ್ಥೆಗೆ ಕೊಡುತ್ತಿದ್ದ ಅನುದಾನವನ್ನೂ ನಿಲ್ಲಿಸಿದರು. ಆಗ ಅಭಿಮಾನಿಗಳು ಚಂದಾ ಎತ್ತಿ ಡಬ್ಲಿನ್‌ನ ಮೆರಿಯನ್ ಚೌಕದಲ್ಲಿ 84ನೇ ನಂಬರಿನ ಮನೆ ಕೊಂಡು 1908ರಲ್ಲಿ ಅವರಿಗೆ ಕೊಟ್ಟರು. ಪ್ಲಂಕೆಟ್ ಅದನ್ನು ಸಹಕಾರ ಸಂಸ್ಥೆಯ ಕಚೇರಿಗೇ ಬಿಟ್ಟರು. ಅದಕ್ಕೆ ಪ್ಲಂಕೆಟ್ ಹೌಸ್ ಎಂದೇ ಹೆಸರಾಯಿತು.

ಸಂಘಗಳ ಒಳಗೂ ತೊಂದರೆ ಇರಲಿಲ್ಲ ಅಂತಲ್ಲ. ಖಾಸಗಿ ಡೇರಿಯವರು ಸ್ವಲ್ಪ ಜಾಸ್ತಿ ರೇಟು ತೋರಿಸಿದರೆ ಸದಸ್ಯರು ಆ ಕಡೆ ಹೋಗುವ ಚಾಳಿ ಅಲ್ಲೂ ಇತ್ತು. ಇದನ್ನು ತಡೆಯೋಕೆ ಸದಸ್ಯನಾದವನು ತನ್ನ ಹಾಲನ್ನೆಲ್ಲ ಸಂಘಕ್ಕೇ ಹಾಕಬೇಕೆಂದು ಬೈಲಾ ಮಾಡಿಕೊಂಡರು. ಕೆರ್ರಿ ಜಿಲ್ಲೆಯ ಬ್ಯಾಲಿಮ್ಯಾಕೆಲಿಗಟ್ ಸಂಘದ ಒಬ್ಬ ಸದಸ್ಯರು ಇದನ್ನು ಕೋರ್ಟಿಗೆ ಒಯ್ದರು. ಕೇಸು ಲಂಡನ್ನಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ, ಸದಸ್ಯನನ್ನು ಹಾಗೆ ಕಟ್ಟಿಹಾಕುವ ಬೈಲಾ ಊರ್ಜಿತವಲ್ಲ ಅಂತ 1919ರಲ್ಲಿ ತೀರ್ಪಾಯಿತು. ಅಂದರೆ ನಿಯತ್ತನ್ನು ಬೈಲಾದಲ್ಲಿ ಬರೆದು ತರೋಕಾಗಲ್ಲ. ತೂಕ ಸರಿ ಇರಬೇಕು, ಫ್ಯಾಟ್ ಸರಿ ಬರೀಬೇಕು, ಬಟವಾಡೆ ಹೇಳಿದ ದಿನಕ್ಕೆ ಆಗಬೇಕು. ಆಗ ಸದಸ್ಯ ತಾನಾಗಿ ಬರುತ್ತಾನೆ.

ಬೆಂಕಿ

1919ರಿಂದ ಐರ್ಲೆಂಡಿನಲ್ಲಿ ಸ್ವಾತಂತ್ರ್ಯ ಯುದ್ಧ. 1920-21ರಲ್ಲಿ ಬ್ರಿಟಿಷ್ ಸರ್ಕಾರದ ಪಡೆಗಳು ಹಳ್ಳಿಗಳ ಮೇಲೆ ಸೇಡು ತೀರಿಸಿಕೊಳ್ಳೋಕೆ ಹತ್ತಾರು ಸಹಕಾರಿ ಡೇರಿಗಳನ್ನು ಸುಟ್ಟವು, ಯಂತ್ರ ಒಡೆದವು. ಡೇರಿ ಸುಟ್ಟರೆ ಸುತ್ತಲಿನ ನೂರಾರು ಮನೆಗಳ ಅನ್ನ ಹೋಗುತ್ತೆ ಅಂತ ಅವರಿಗೂ ಗೊತ್ತಿತ್ತು. ಒಂದು ಕಾಲಕ್ಕೆ ಇಂಗ್ಲೆಂಡಿನ ಪರ ಇದ್ದ ಪ್ಲಂಕೆಟ್ ಅವರೇ ಸರ್ಕಾರದ ವಿರುದ್ಧ ದನಿ ಎತ್ತಿ ವಿಚಾರಣೆ ಆಗಬೇಕೆಂದರು. ಅಷ್ಟು ಹೊತ್ತಿಗೆ ಅವರ ಅಭಿಪ್ರಾಯವೂ ಬದಲಾಗಿ, ಐರ್ಲೆಂಡಿಗೆ ಸ್ವಂತ ಆಡಳಿತ ಬೇಕು, ಆದರೆ ದೇಶ ಎರಡು ಹೋಳಾಗಬಾರದು ಅನ್ನುತ್ತಿದ್ದರು.

1922ರಲ್ಲಿ ಹೊಸ ಸರ್ಕಾರ ಬಂತು. ಪ್ಲಂಕೆಟ್ ಅವರನ್ನು ಸೆನೆಟ್ ಸದಸ್ಯರಾಗಿ ನೇಮಿಸಿದರು. ಆಗ ಸ್ವಾತಂತ್ರ್ಯದ ಹೋರಾಟಗಾರರಲ್ಲೇ ಒಡಕು ಬಂದು ಅಂತರ್ಯುದ್ಧ ನಡೀತಾ ಇತ್ತು. ಹೊಸ ಸರ್ಕಾರವನ್ನು ಒಪ್ಪದವರು ಸೆನೆಟ್ ಸದಸ್ಯರ ಮನೆಗಳಿಗೆ ಬೆಂಕಿ ಹಾಕುತ್ತಿದ್ದರು. ಡಬ್ಲಿನ್ ಹತ್ತಿರ ಫಾಕ್ಸ್‌ರಾಕ್‌ನಲ್ಲಿ ಪ್ಲಂಕೆಟ್ ಅವರು ಕಟ್ಟಿಸಿಕೊಂಡಿದ್ದ ಕಿಲ್ಟೆರಾ ಎಂಬ ಮನೆಯನ್ನು 1923ರ ಜನವರಿ ಕೊನೆಯಲ್ಲಿ ಮೊದಲು ಬಾಂಬಿಟ್ಟು, ಮಾರನೇ ದಿನ ಬೆಂಕಿ ಹಾಕಿ ಸುಟ್ಟರು. ಪ್ಲಂಕೆಟ್ ಆಗ ಅಮೆರಿಕದಲ್ಲಿದ್ದರು. ಎಲ್ಲ ಪಕ್ಷದವರೂ ಒಂದೇ ಮೇಜಿಗೆ ಊಟಕ್ಕೆ 

ಕೂರುತ್ತಿದ್ದ ಮನೆ ಅದು.

ಡೇರಿ ಸುಟ್ಟಿದ್ದು ಒಂದು ಕಡೆಯವರು, ಮನೆ ಸುಟ್ಟಿದ್ದು ಇನ್ನೊಂದು ಕಡೆಯವರು. ಅವರ ಬದುಕನ್ನು ಓದುವಾಗ ನಮ್ಮ ಮನಸ್ಸಿಗೆ ಬಹಳ ತಟ್ಟಿದ ವಿಷಯ ಇದು.

ಕೊನೆಯ ದಿನಗಳು

ಅವರಿಗೆ ಆಗ ಅರವತ್ತೆಂಟು ವರ್ಷ. ಸೆನೆಟ್ ಬಿಟ್ಟು ಇಂಗ್ಲೆಂಡಿನ ವೇಬ್ರಿಜ್ ಎಂಬಲ್ಲಿ ಮನೆ ಮಾಡಿದರು. ಸಹಕಾರದ ಕೆಲಸ ಮಾತ್ರ ಬಿಡಲಿಲ್ಲ. 1919ರಲ್ಲೇ ಸ್ಥಾಪಿಸಿದ್ದ ಹೊರೇಸ್ ಪ್ಲಂಕೆಟ್ ಪ್ರತಿಷ್ಠಾನದ ಮೂಲಕ ಬೇರೆ ಬೇರೆ ದೇಶಗಳ ಕೃಷಿ ಸಹಕಾರ ಸಂಘಗಳ ಮಾಹಿತಿ ಕೂಡಿಸಿ ಹಂಚಿದರು. ಇಂದಿಗೂ ಆ ಸಂಸ್ಥೆ ಬ್ರಿಟನ್ನಿನ ಹಳ್ಳಿಗಳಲ್ಲಿ ಊರಿನವರೇ ಸೇರಿ ನಡೆಸುವ ಅಂಗಡಿಗಳಿಗೆ ನೆರವಾಗಿ ನಿಂತಿದೆ. ಜೀವನಪೂರ್ತಿ ಕಾಯಿಲೆಯಲ್ಲಿ ನರಳಿದ ಈ ಮನುಷ್ಯ ಎಪ್ಪತ್ತು ದಾಟಿದ ಮೇಲೆ ವಿಮಾನ ಹಾರಿಸೋದು ಕಲಿತರು ಅಂದರೆ ಅವರ ಛಲ ಎಂಥದು ನೋಡಿ. 1932ರ ಮಾರ್ಚ್ 26ರಂದು ತಮ್ಮ 77ನೇ ವಯಸ್ಸಿನಲ್ಲಿ ಕಾಲವಾದರು. ಹತ್ತಿರದ ಬೈಫ್ಲೀಟ್ ಎಂಬಲ್ಲಿ ಸಮಾಧಿ ಇದೆ.

ಅವರು ಕಟ್ಟಿದ ಸಂಸ್ಥೆ ಅವರ ಜೊತೆ ಮುಗಿಯಲಿಲ್ಲ. 1979ರಲ್ಲಿ ಐರಿಷ್ ಸಹಕಾರ ಸಂಘಟನಾ ಸಂಸ್ಥೆ ಎಂದು ಹೆಸರು ಬದಲಿಸಿಕೊಂಡು ಈಗಲೂ ನಡೀತಾ ಇದೆ. ಸುಟ್ಟ ಡೇರಿಗಳನ್ನು ರೈತರು ಮತ್ತೆ ಕಟ್ಟಿಕೊಂಡರು. ಡೆನ್ಮಾರ್ಕಿನ ಮುಂದೆ ಸೋತಿದ್ದ ಐರ್ಲೆಂಡಿನ ಬೆಣ್ಣೆ 1962ರಿಂದ ಕೆರ್ರಿಗೋಲ್ಡ್ ಎಂಬ ಒಂದೇ ಹೆಸರಿನಲ್ಲಿ ಹೊರದೇಶಗಳ ಪೇಟೆಗೆ ಹೋಗಿ ಹೆಸರು ಮಾಡಿತು.

ಡನ್ಸೇನಿ ಕೋಟೆಯ ವಿಷಯ ಹೇಳದೆ ಮುಗಿಸಬಾರದು. ಕಿಲ್ಟೆರಾ ಸುಟ್ಟ ಆ ಕಾಲದಲ್ಲಿ ಐರ್ಲೆಂಡಿನ ಎಷ್ಟೋ ಜಮೀನ್ದಾರರ ಬಂಗಲೆಗಳು ಬೂದಿಯಾದವು, ಡನ್ಸೇನಿ ಉಳಿಯಿತು. ಹೊರೇಸ್ ಅವರ ಅಣ್ಣನ ಮಗ ಎಡ್ವರ್ಡ್, 18ನೇ ಪ್ರಭು, ಲಾರ್ಡ್ ಡನ್ಸೇನಿ ಎಂಬ ಹೆಸರಿನಿಂದ ಕಥೆ ನಾಟಕ ಬರೆದು ಜಗತ್ಪ್ರಸಿದ್ಧರಾದರು. ಇಂದಿಗೂ ಕೋಟೆಯಲ್ಲಿ ಅದೇ ವಂಶದವರಿದ್ದಾರೆ. ಈಚಿನ ವರ್ಷಗಳಲ್ಲಿ ಜಮೀನಿನ ದೊಡ್ಡ ಭಾಗವನ್ನು ಉಳದೆ ಮೇಯಿಸದೆ ಕಾಡು ಬೆಳೆಯೋಕೆ ಬಿಟ್ಟಿದ್ದಾರೆ.

ನಮ್ಮ ಸಂಘ ಕಲಿಯಬೇಕಾದ್ದು

ಪ್ಲಂಕೆಟ್ ಅವರಿಗೆ ಕೋಟೆ ಇತ್ತು, ಹಣ ಇತ್ತು, ಆಕ್ಸ್‌ಫರ್ಡ್ ಓದಿತ್ತು. ಇವು ಯಾವುವೂ ನಮ್ಮ ಹತ್ತಿರ ಇಲ್ಲ. ಆದರೆ ರೈತನಿಗೆ ದಾನ ಕೊಟ್ಟರೆ ಉದ್ಧಾರ ಆಗಲ್ಲ, ಅವನದೇ ಷೇರು, ಅವನದೇ ಡೇರಿ, ಅವನದೇ ಲೆಕ್ಕ ಆಗಬೇಕು ಅಂತ ಅವರು ಹೇಳಿದ್ದು ನಮಗೂ ಅನ್ವಯಿಸುತ್ತೆ. ಸರ್ಕಾರದ ಪ್ರೋತ್ಸಾಹ ಧನ ಬರಬಹುದು, ತಡವಾಗಬಹುದು. ಪ್ರತಿ ದಿನ ಎರಡು ಹೊತ್ತು ಬರೋದು ನಮ್ಮ ಹಾಲು ಮಾತ್ರ.

ಎರಡನೆಯದಾಗಿ, ಸಂಘದ ಬಾಗಿಲ ಹೊರಗೆ ಪಕ್ಷ ಬಿಟ್ಟು ಬರಬೇಕು. ಪಕ್ಷವೇ ಬೇಡ ಅಂತ ನಾವು ಹೇಳುತ್ತಿಲ್ಲ. ಪ್ಲಂಕೆಟ್ ಅವರಿಗೂ ಪಕ್ಷ ಇತ್ತು. ಆದರೆ ಡೇರಿಯ ಕೆಲಸಕ್ಕೆ ಯೋಗ್ಯರು ಸಿಕ್ಕರೆ ಎದುರು ಪಕ್ಷದವರನ್ನೂ ಕರೆದು ಕೂರಿಸಿದರು, ಅದಕ್ಕಾಗಿ ಸೋಲನ್ನೂ ಉಂಡರು. ಮುಂದಿನ ಆಡಳಿತ ಮಂಡಳಿ ಚುನಾವಣೆಗೆ ನಿಲ್ಲುವ ನಮ್ಮೆಲ್ಲರೂ ಇದನ್ನು ಯೋಚನೆ ಮಾಡಬೇಕು. ಗೆದ್ದವರು ಸೋತವರ ಹಾಲಿಗೂ ಅದೇ ಅಳತೆ, ಅದೇ ಪರೀಕ್ಷೆ ಮಾಡಬೇಕು. ಸೋತವರು ಕ್ಯಾನು ಎತ್ತಿಕೊಂಡು ಖಾಸಗಿ ಗಾಡಿ ಕಡೆ ಹೋಗಬಾರದು. ಇಪ್ಪತ್ತೈದು ವರ್ಷ ಹಿರಿಯರು ಬೆಳೆಸಿದ ಸಂಘ ಒಂದು ಚುನಾವಣೆಯ ಜಿದ್ದಿಗೆ ಒಡೆದರೆ ಮತ್ತೆ ಕಟ್ಟೋಕೆ ಐವತ್ತು ಸಭೆ ಸಾಲೋದಿಲ್ಲ.

ಮೂರನೆಯದಾಗಿ, ಹಾಲು ಕರೆಯುವವರು, ಮೇವು ಹಾಕುವವರು ಹೆಣ್ಣುಮಕ್ಕಳು. ಸಭೆಗೆ ಬರೋರು ಮಾತ್ರ ಗಂಡಸರು. ನೂರು ವರ್ಷದ ಹಿಂದೆಯೇ ಹಳ್ಳಿ ಹೆಂಗಸರ ಸಂಘಕ್ಕೆ ಅಲ್ಲಿ ಜಾಗ ಸಿಕ್ಕಿತ್ತು. ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಹಾಲು ಹಾಕುವ ತಾಯಂದಿರು ಮುಂದಿನ ಸಾಲಿನಲ್ಲಿ ಕೂತು ಲೆಕ್ಕ ಕೇಳುವಂತಾಗಲಿ.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಇದೇ ಊರಿನ ಎಲ್ಲ ಬೀದಿಯವರೂ ಕೂಡಿ ಆಚರಿಸುವಂತಾಗಲಿ ಎಂದು ಹಾರೈಸಿ ವಿರಮಿಸುತ್ತೇವೆ.

ಜೈ ಸಹಕಾರ.